ತೆಗೆದ ಹನ್ನೊಂದು ಸಾಲು

ಲೋಟಗಳು ಎರಡು ಇದ್ದವು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಸಂಶಯವಿದ್ದದ್ದು ತಾನು ಅವುಗಳನ್ನು ಯಾವತ್ತಿನಿಂದ ನೋಡತೊಡಗಿದೆ ಎಂಬುದರ ಬಗ್ಗೆ. ಸಂಜೆ ಆರಕ್ಕೆ ಪ್ರೆಸ್ಸಿನಿಂದ ಮನೆಗೆ ಬಂದು ಕೈಕಾಲು ತೊಳೆಯಲು ಹೋಗುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಅವು ಬೋರಲಾಗಿ ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದವು, ಕೆಳಗೆ ಎರಡು ನೀರಿನ ಉಂಗುರ. ಹೆಂಡತಿ ಹೊಲಿಗೆಯಂತ್ರದ ಮೇಲೆ ಬಗ್ಗಿ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿರುತ್ತಿದ್ದಳು. "ಇವತ್ತು ಯಾರಾದ್ರೂ ಬಂದಿದ್ರಾ?" ಎಂದು ಅವನು ಟವೆಲಿನೊಳಗಿಂದಲೇ ಕೇಳುತ್ತಿದ್ದ, ಮುಖ ಒರೆಸುವಾಗ ಕೇಳಿದರೆ ಸುಮ್ಮನೆ ಕೇಳಿದಂತಿರುತ್ತದೆ ಎಂದುಕೊಂಡು. "ಯಾರು ಬರ್ತಾರೆ? ಗುಂಡಿ ಕಿತ್ತುಹೋದೋರು ಬರ್ತಾರೆ, ಹೋಗ್ತಾರೆ," ಎನ್ನುತ್ತಿದ್ದಳು ಅವಳು, ಬಾಯಲ್ಲಿ ಸೂಜಿ ಕಚ್ಚಿಕೊಂಡು. ಬಾಯಲ್ಲಿ ಸೂಜಿ ಇರುವವರ ಮಾತಿನಿಂದ ಸುಳ್ಳು ನಿಜ ತಿಳಿಯುವುದು ಕಷ್ಟ. ಗುಂಡಿ ಕಿತ್ತುಹೋದವರಿಗೆ ಯಾರೂ ಕೂರಿಸಿ ಚಹಾ ಕೊಡುವುದಿಲ್ಲ. ಆದರೆ ಮೂರು ತಿಂಗಳ ಹಿಂದೆ ಪ್ರೆಸ್ಸಿನಲ್ಲಿ ಗಿಳಿ ಆ ಕಥೆಯನ್ನು ಗಟ್ಟಿಯಾಗಿ ಓದುವುದಕ್ಕೆ ಮೊದಲೂ ಲೋಟಗಳು ಎರಡೇ ಇದ್ದವೋ, ಇದ್ದರೂ ತಾನು ನೋಡಿರಲಿಲ್ಲವೋ? ಇದು ಮಾತ್ರ ಅವನಿಗೆ ಎಷ್ಟು ತಿಣುಕಿದರೂ ನೆನಪಾಗುತ್ತಿರಲಿಲ್ಲ. ಕರಡು ತಿದ್ದುವವನು ಅವನು. ಇದ್ದದ್ದನ್ನು ಕಾಣದೆ ಬಿಡುವುದೇ ಅವನ ಕಸುಬಿನಲ್ಲಿ ದೊಡ್ಡ ಅಪರಾಧ.

ಗಿಳಿ ಎಂದರೆ ಅವನ ಎದುರಿನ ಮೇಜಿನ ಹುಡುಗಿ. ಅವಳು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅವನು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಇದೇ ಇಬ್ಬರ ಕೆಲಸ. ಅಲ್ಪವಿರಾಮ, ಪೂರ್ಣವಿರಾಮ ಎಂದು ದಿನವಿಡೀ ಹೇಳಿದರೆ ಗಂಟಲು ಒಣಗುತ್ತದೆಂದು ಅವಳು ಪೆನ್ಸಿಲಿನಿಂದ ಮೇಜು ತಟ್ಟುತ್ತಿದ್ದಳು, ಅಲ್ಪವಿರಾಮಕ್ಕೆ ಒಂದು ಟಕ್, ಪೂರ್ಣವಿರಾಮಕ್ಕೆ ಎರಡು. ಐದು ವರ್ಷದಲ್ಲಿ ಆ ತಟ್ಟು ಅವನ ಬೆರಳಿಗೂ ಅಂಟಿಕೊಂಡಿತ್ತು. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಪ್ರಾರ್ಥಿಸುವಾಗಲೂ ಮುಂದಿನ ಬೆಂಚಿನ ಬೆನ್ನಿನ ಮೇಲೆ ಅವನ ಬೆರಳು ಟಕ್ ಟಕ್ಕೆನ್ನುತ್ತಿತ್ತು. ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು. ಇಂದು ಬೆಳಿಗ್ಗೆ ಗಿಳಿ ಓದಲಿಲ್ಲ. ಗುಲಾಬಿ ರಟ್ಟಿನ ಹೊಸ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೊನೆಯ ಪುಟವನ್ನೇ ನೋಡುತ್ತ ಕೂತಿದ್ದಳು.

"ಮೇಷ್ಟ್ರೇ, ಇದರ ಕೊನೆ ಎಲ್ಲಿ ಹೋಯ್ತು?"

ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತಾನೆಂದು ಪ್ರೆಸ್ಸಿನವರಿಗೆಲ್ಲ ಅವನು ಮೇಷ್ಟ್ರು. "ಯಾವ ಕೊನೆ?" ಎಂದ.

"ಅವನು ಬರೋದು. ನಾನೇ ಓದಿದ್ನಲ್ಲ. ಇದರಲ್ಲಿ ಅವಳು ಕಾಯ್ತಾ ಕೂರ್ತಾಳೆ, ಅಷ್ಟೇ. ಮುಗೀತು."

"ಬರೆದವರೇ ತೆಗೆದಿರಬೇಕು."

"ಅವರಾ? ಅವರು ಕಥೆಯಿಂದ ಒಂದು ಹನಿ ಕಣ್ಣೀರನ್ನೂ ತೆಗೆಯೋರಲ್ಲ." ಅವಳು ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡಳು. "ನನಗಂತೂ ಓದ್ತಾ ಓದ್ತಾ ಅಳು ಬಂದಿತ್ತು. ನೀವೂ ಮೂಗು ಒರೆಸಿಕೊಂಡ್ರಿ."

"ನೆಗಡಿ ಆಗಿತ್ತು."

"ಬಿಸಿಲುಗಾಲದಲ್ಲಾ?"

ಅವನು ಮುಂದಿನ ಕರಡನ್ನು ಎಳೆದುಕೊಂಡ. ಅವಳು ನಗುತ್ತಿದ್ದಾಳೋ ತನ್ನನ್ನು ಪರೀಕ್ಷಿಸುತ್ತಿದ್ದಾಳೋ ತಿಳಿಯಲಿಲ್ಲ. ಹಸ್ತಪ್ರತಿ ಇನ್ನೂ ಅವಳ ಬೀರುವಿನಲ್ಲೇ ಇತ್ತು. ಬರೆದಾಕೆ ಒಂದು ಕಾಗದ ಹಾಕಿದರೆ ಸಾಕು, ಫೋರ್ಮನ್ ಬೀರು ತೆರೆಸುತ್ತಾನೆ, ಕೊನೆಯ ಕರಡನ್ನು ಪಕ್ಕದಲ್ಲಿಡುತ್ತಾನೆ, ಹನ್ನೊಂದು ಸಾಲಿನ ಮೇಲೆ ಉದ್ದಕ್ಕೂ ಎಳೆದ ಗೆರೆ, ಅಂಚಿನಲ್ಲಿ ಬಾಲ ಸುತ್ತಿದ 'ತೆಗೆ' ಗುರುತು ಯಾರದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಂಥ ಬಾಲ ಸುತ್ತುವವನು ಆ ಪ್ರೆಸ್ಸಿನಲ್ಲಿ ಒಬ್ಬನೇ.

ತಿಂಗಳಿಗೊಂದು ಬರುವ ಆ ಪುಸ್ತಕಗಳಿಗೆ ಪ್ರೆಸ್ಸಿನಲ್ಲಿ 'ಗುಲಾಬಿ' ಎಂದೇ ಹೆಸರು. ರಕ್ತ ಹೀರುವ ಸುಂದರರು, ರೆಕ್ಕೆ ಮುರಿದುಕೊಂಡು ಹೆಣ್ಣಿನ ಮಡಿಲಿಗೆ ಬೀಳುವ ದೇವದೂತರು, ಸತ್ತು ಮರಳುವ ಗಂಡಂದಿರು. ಮೊದಮೊದಲು ಅವನು ನಕ್ಕಿದ್ದ. ಆಮೇಲೆ ಜ್ಞಾನೋಪದೇಶದ ಹುಡುಗಿಯೊಬ್ಬಳ ಗೀತೆಗಳ ಪುಸ್ತಕದೊಳಗೆ ಒಂದು ಗುಲಾಬಿ ಸಿಕ್ಕಿತು. ಫಾದರ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅವನ ಹತ್ತಿರ ಬಂದರು. "ಇದರಲ್ಲಿ ಹುಡುಗಿ ತನ್ನ ಪ್ರಿಯಕರ ಹತ್ತಿರ ಬರಲಿ ಅಂತ ಕತ್ತಿನ ಶಿಲುಬೆ ತೆಗೆದಿಡ್ತಾಳಂತೆ. ನೀವು ಓದುಬರಹ ಇರೋರು. ಇಂಥದ್ದನ್ನೆಲ್ಲ ಸ್ವಲ್ಪ ನೋಡಿ, ನಮ್ಮ ವಿಶ್ವಾಸಕ್ಕೆ ಇದರಿಂದ ಏನಾಗುತ್ತೆ ಅಂತ ಎರಡು ಪುಟ ಬರೆದುಕೊಡಿ, ಪೂಜೆಯಾದ ಮೇಲೆ ಓದಿಸೋಣ." ಆ ಪುಟದ ಎಂಟನೇ ಸಾಲಿನ ಒಂದು ತಪ್ಪನ್ನು ತಿದ್ದಿದವನು ತಾನೇ ಎಂದು ಅವನು ಹೇಳಲಿಲ್ಲ. ಪ್ರೆಸ್ಸಿನಲ್ಲಿ ಏನು ಓದುತ್ತೀರಿ ಎಂದು ಯಾರಾದರೂ ಕೇಳಿದರೆ ಶಾಲೆಯ ಪಠ್ಯಪುಸ್ತಕ ಎಂದು ಹೇಳುತ್ತ ಬಂದಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದ. ತನಗೆ ಬರುವ ಗೌರವಪ್ರತಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ ಸಂಜೆಕಾಲೇಜಿನ ನೋಟ್ಸುಗಳ ಕೆಳಗೆ ಇಡುತ್ತಿದ್ದ. ಹರಿದುಹಾಕಲು ಮನಸ್ಸಾಗುತ್ತಿರಲಿಲ್ಲ, ಪುಸ್ತಕ ಪುಸ್ತಕವೇ. ಎರಡು ಪುಟ ಬರೆದದ್ದೂ ಆಗಿತ್ತು, ಈಗಲೂ ಚೀಲದಲ್ಲಿತ್ತು. ಅದರಲ್ಲಿ ಒಂದು ವಾಕ್ಯ ಅವನಿಗೆ ತುಂಬ ಹಿಡಿಸಿತ್ತು: 'ಇವು ಪುನರುತ್ಥಾನವನ್ನು ಕದ್ದು, ಕಾಯುವ ಕಷ್ಟವಿಲ್ಲದೆ ಅಗ್ಗಕ್ಕೆ ಮಾರುತ್ತವೆ.' ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿಕೊಳ್ಳುವಾಗ ಅವನಿಗೆ ತನ್ನ ದನಿ ಸ್ವಲ್ಪ ಗಂಭೀರವಾದಂತೆ ಅನಿಸುತ್ತಿತ್ತು.

ಆದರೆ ಈ ಕೊನೆಯ ಗುಲಾಬಿ ಬೇರೆ ಥರ ಇತ್ತು. ಇದರಲ್ಲಿ ಸತ್ತ ಗಂಡ ಸಂಜೆ ನಾಲ್ಕು ಗಂಟೆಗೆ, ಹಗಲಿನಲ್ಲೇ ಬರುತ್ತಾನೆ. ಕಚ್ಚುವುದಿಲ್ಲ, ಹಾರುವುದಿಲ್ಲ, ಗೋಡೆಯ ಮೇಲಿನ ಶಿಲುಬೆಯ ಕೆಳಗೇ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಅವಳು ಎರಡು ಲೋಟ ಇಡುತ್ತಾಳೆ. ಎರಡನೆಯ ಗಂಡ ಆಗ ಆಫೀಸಿನಲ್ಲಿರುತ್ತಾನೆ. ಅವನಿಗೆ ಒಂದು ಹೆಸರೂ ಇಲ್ಲ, ಇಡೀ ಪುಸ್ತಕದಲ್ಲಿ ಮೂರು ಸಲ ಕೆಮ್ಮುತ್ತಾನೆ. ಶಿಲುಬೆಗೆ ಹೆದರುವವನನ್ನು ಸೈತಾನನ ಕಡೆಯವನೆಂದು ಬರೆದು ಕೈತೊಳೆದುಕೊಳ್ಳಬಹುದು. ಹೆದರದೆ ಅದರ ಕೆಳಗೇ ಕೂತು ಚಹಾ ಕುಡಿಯುವ ಸತ್ತವನನ್ನು ಏನೆಂದು ಬರೆಯುವುದು? ಗಿಳಿ ಆ ಭಾಗವನ್ನು ಓದಿದ ದಿನ ಅವನ ಬೆರಳು ಎರಡು ಸಾಲು ಹಿಂದೆ ಬಿದ್ದಿತ್ತು. ತನ್ನ ಮನೆಯಲ್ಲೂ ಹೊಲಿಗೆಯಂತ್ರ, ಕಿಟಕಿ, ಶಿಲುಬೆ. ತನಗಿಂತ ಮೊದಲು ಅವಳ ಗಂಡನಾಗಿದ್ದವನು, ಕರೆಂಟಿನ ಕಂಬದಿಂದ ಬಿದ್ದು ಸತ್ತ ಲೈನ್‌ಮನ್. ಅವನು ಹೋಗಿ ಒಂಬತ್ತು ವರ್ಷ. ಅವನ ಫೋಟೋ ಮನೆಯಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ, ಇದ್ದಲ್ಲೇ ಇರುತ್ತಿತ್ತು. ಮರಣದವರೆಗೆ ಎಂದು ಮಾತು ಕೊಟ್ಟ ಮೇಲೆ ಮರಣವಾದರೆ ಮಾತು ಮುಗಿಯಿತು, ಅವಳು ಸ್ವತಂತ್ರಳು, ಇದರಲ್ಲಿ ಗೊಂದಲವಿಲ್ಲ. ಆದರೆ ಮರಣವೇ ಕೊನೆಯಲ್ಲ ಎಂದು ಪ್ರತಿ ಭಾನುವಾರ ಎದ್ದುನಿಂತು ಹೇಳುವವರೂ ನಾವೇ. ಕಳೆದ ತಿಂಗಳು ಗೀತೆಗಳ ಪುಸ್ತಕದ ಅದೇ ಹುಡುಗಿ ಕೈಯೆತ್ತಿ, "ಸರ್, ಸತ್ತೋರೆಲ್ಲ ಎದ್ದು ಬಂದಾಗ ಎರಡನೇ ಗಂಡ ಎಲ್ಲಿಗೆ ಹೋಗ್ತಾನೆ?" ಎಂದು ಕೇಳಿದ್ದಳು. ತರಗತಿ ಮುಸಿಮುಸಿ ನಕ್ಕಿತು. ಅವನು ಎರಡನೆಯವನೆಂದು ತಿಳಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಪರಲೋಕದಲ್ಲಿ ಗಂಡ ಹೆಂಡತಿ ಎನ್ನುವುದೇ ಇಲ್ಲ, ಎಲ್ಲರೂ ದೇವದೂತರ ಹಾಗೆ ಇರುತ್ತಾರೆ ಎಂದು ಅವನು ಸರಿಯಾದ ಉತ್ತರವನ್ನೇ ಕೊಟ್ಟ. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಅಯ್ಯೋ ಪಾಪ," ಎಂದಳು. ಯಾರಿಗೆ ಪಾಪ ಎಂದದ್ದು, ದೇವದೂತರಿಗೋ ತನಗೋ, ಎಂದು ಅವನು ಎರಡು ದಿನ ಯೋಚಿಸಿದ.

ಬರೆದಾಕೆ 'ಅಚ್ಚಿಗೆ ಸರಿ' ಎಂದು ಸಹಿ ಮಾಡಿ ಕಳಿಸಿದ ಕರಡಿನ ಮೇಲೆ ಯಾರೂ ಕೈಯಿಡಬಾರದು. ಕೈಯಿಟ್ಟ. ಆಕೆಯದೇ ಬಣ್ಣದ ಇಂಕು ಹುಡುಕಿ, ಗಿಳಿ ಊಟಕ್ಕೆ ಹೋದ ಹೊತ್ತಿನಲ್ಲಿ, ಸತ್ತವನು ಕೊನೆಯ ಸಲ ಬರುವ ಹನ್ನೊಂದು ಸಾಲಿನ ಮೇಲೆ ಗೆರೆ ಎಳೆದ. 'ಅವಳು ಎರಡು ಲೋಟ ತೊಳೆದಿಟ್ಟು ಕಾದಳು.' ಅಲ್ಲಿಗೆ ನಿಂತಿತು ಕಥೆ. ಕಾಯುವುದೇ ವಿಶ್ವಾಸ, ಎಂದು ಅವನು ತನಗೇ ಹೇಳಿಕೊಂಡ. ಕಥೆಗೂ ಒಳ್ಳೆಯದಾಯಿತು, ಓದುವ ಹುಡುಗಿಯರಿಗೂ ಒಳ್ಳೆಯದಾಯಿತು. ಫೋರ್ಮನ್ ಅಂತೂ ಬೆನ್ನು ತಟ್ಟಿದ: "ಆ ಹನ್ನೊಂದು ಸಾಲಿಗೋಸ್ಕರ ಒಂದು ಫಾರಂ ಜಾಸ್ತಿ ಆಗ್ತಿತ್ತು ಮೇಷ್ಟ್ರೇ, ಹದಿನಾರು ಪುಟ. ಬರೆದಮ್ಮನಿಗೆ ಕೊನೆಗಾದ್ರೂ ಬುದ್ಧಿ ಬಂತಲ್ಲ." ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ. ಫಾದರ್ ಮುಂದೆ ನಿವೇದಿಸಬೇಕಾದ ಪಾಪವೇ ಇದು ಎಂದು ತೋರಿದ್ದು ಮರುದಿನ, ಅದೂ ಯಾವ ಪಾಪವೆಂದು ತಿಳಿಯಲಿಲ್ಲ. ಕಳವೇ? ಕದ್ದದ್ದನ್ನು ಮನೆಗೆ ತಂದಿರಲಿಲ್ಲ. ಸುಳ್ಳೇ? ಅವನು ಏನನ್ನೂ ಹೇಳಿರಲಿಲ್ಲ, ಹೇಳಿದ್ದನ್ನು ತೆಗೆದಿದ್ದ ಅಷ್ಟೆ. ಕೊಲೆ ಎಂಬ ಮಾತು ಒಮ್ಮೆ ಹೊಳೆಯಿತು. ಸತ್ತವನನ್ನು ಕೊಲ್ಲುವುದು ಎಂದುಕೊಂಡು ನಗಲು ನೋಡಿದ.

ಅದರಿಂದ ಲೋಟಗಳೇನೂ ಕಡಿಮೆಯಾಗಲಿಲ್ಲ. ಮೊನ್ನೆ ಹೊಸ ಪ್ರತಿಯನ್ನು ಅಟ್ಟದ ಮೇಲಿಡಲು ಹೋದಾಗ ಕಟ್ಟಿನ ದಾರಕ್ಕೆ ಬೇರೆ ಥರದ ಗಂಟು ಹಾಕಿತ್ತು. ಅವನದು ಎರಡು ಸುತ್ತಿನ ಬಿಗಿ ಗಂಟು. ಇದು ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಕುಣಿಕೆ. ಅವಳಿಗೆ ಗೊತ್ತು ಹಾಗಾದರೆ. ಎಂದಿನಿಂದ? ಪಠ್ಯಪುಸ್ತಕ ಎಂದು ತಾನು ಹೇಳುವಾಗಲೆಲ್ಲ ಅವಳು ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೂಂ ಎಂದದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅವನ್ನು ಓದಿ ಓದಿ ಅವಳೂ ನಾಲ್ಕು ಗಂಟೆಗೆ ಲೋಟ ಇಡಲು ಶುರುಮಾಡಿದಳೋ? ಬರುವವನು ಯಾರು? ಬದುಕಿರುವವನಾದರೆ ಬಾಗಿಲಲ್ಲಿ ನಿಂತು ಕೇಳಬಹುದು. ಅಲ್ಲದವನಾದರೆ ಏನೆಂದು ಕೇಳುವುದು? ದೆವ್ವ ಭೂತವನ್ನು ನಂಬುವವನಲ್ಲ ಅವನು. ನಂಬುವುದು ಪಾಪವೆಂದು ಮಕ್ಕಳಿಗೆ ಹೇಳಿಕೊಡುವವನು. ನಂಬಿಕೆ ಬೇರೆ, ಅನುಮಾನ ಬೇರೆ. ನಂಬದಿದ್ದದ್ದರ ಮೇಲೂ ಅನುಮಾನ ಪಡಬಹುದು ಎಂದು ಅವನಿಗೆ ಈ ಮೂರು ತಿಂಗಳಲ್ಲಿ ತಿಳಿದಿತ್ತು.

"ಅರ್ಧ ದಿನ ರಜೆ ಬೇಕಿತ್ತು," ಎಂದ ಫೋರ್ಮನ್ನನ ಮುಂದೆ ನಿಂತು. ಐದು ವರ್ಷದಲ್ಲಿ ಕೇಳಿದವನಲ್ಲ.

"ಮನೇಲಿ ಹುಷಾರಿಲ್ವಾ?"

"ಇಲ್ಲ. ಹೂಂ. ಸ್ವಲ್ಪ."

"ಹೋಗಿ, ಹೋಗಿ. ಗಿಳಿ ಸ್ವಲ್ಪ ಬಾಯಿ ಮುಚ್ಚಿಕೊಂಡಿರಲಿ." ಅವನು ಹೊರಬೀಳುವಾಗ ಗಿಳಿ ಪೆನ್ಸಿಲಿನಿಂದ ಮೇಜನ್ನು ಎರಡು ಸಲ ತಟ್ಟಿದಳು.

ಕೆಲಸದ ದಿನ ಮಧ್ಯಾಹ್ನ ನಾಲ್ಕರ ಹೊತ್ತಿನ ತಮ್ಮ ಬೀದಿಯನ್ನು ಅವನು ನೋಡಿಯೇ ಇರಲಿಲ್ಲ. ಬೆಳಕು ಇನ್ನೂ ಮೇಲಿನಿಂದ ಬೀಳುತ್ತಿತ್ತು, ಮನೆಗಳ ಗೋಡೆಗಳು ಬೇರೆ ಯಾರವೋ ಎಂಬಂತಿದ್ದವು. ಬೇಕರಿಯವನು ಅವನನ್ನು ಕಂಡು ಗಡಿಯಾರ ನೋಡಿದ. ಅವನು ಕಳ್ಳನ ಹಾಗೆ ಗೋಡೆ ಪಕ್ಕದಲ್ಲೇ ನಡೆದ. ತನ್ನ ಮನೆಗೆ ತಾನೇ ಹೀಗೆ ಹೋಗಬೇಕಾಯಿತಲ್ಲ ಎಂದು ನಾಚಿಕೆಯಾಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಹೊಲಿಗೆಯಂತ್ರದ ಸದ್ದಿರಲಿಲ್ಲ. ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ ಇತ್ತು, ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿದ್ದು. ಕಿಟಕಿಯ ಕದ ಅರ್ಧ ತೆರೆದಿತ್ತು. ಒಳಗಿನಿಂದ ಹೆಂಡತಿಯ ದನಿ ಕೇಳಿತು, ತಗ್ಗಿದ, ಮೃದುವಾದ, ತನ್ನ ಹತ್ತಿರ ಯಾವತ್ತೂ ಬಳಸದ ದನಿ: "ನೀನು ಬರುವುದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ನೀನು ಬರಲಾರೆ ಎಂಬ ಹೆದರಿಕೆ."

ಅವನು ಗೋಡೆಗೆ ಕೈ ಊರಿ ನಿಂತ. ಒಂಬತ್ತು ವರ್ಷ ಎಂದುಕೊಂಡ, ಲೈನ್‌ಮನ್ ಎಂದುಕೊಂಡ, ದೇವರೇ ಎಂದುಕೊಂಡ. ದನಿ ಮುಂದುವರಿಯಿತು, ಒಂದು ಕಡೆ ಎಡವಿತು, ಹಿಂದಕ್ಕೆ ಹೋಗಿ ಆ ಮಾತನ್ನು ಮತ್ತೆ ಹೇಳಿತು. ಆಗ ಅವನ ಬೆರಳಿಗೆ ತಾನಾಗಿ ತಿಳಿಯಿತು. ಗುಲಾಬಿಯ ಪುಟ ನೂರ ಹದಿನೆಂಟು, ಕೆಳಗಿನಿಂದ ಆರನೆಯ ಸಾಲು. ಅಲ್ಲಿ ಒಂದು ತಪ್ಪನ್ನು ಅವನು ಕಾಣದೆ ಬಿಟ್ಟಿದ್ದ, ಅವಳ ನಾಲಗೆ ಸರಿಯಾಗಿ ಅಲ್ಲಿಯೇ ತಡವರಿಸಿತ್ತು.

"ಸ್ವಲ್ಪ ಜೋರಾಗಿ ಓದೇ," ಎಂದಿತು ಇನ್ನೊಂದು ದನಿ, ಒಡೆದ, ಮುದಿ ದನಿ. "ನುಂಗಿಬಿಡ್ತೀಯ."

"ಬೀದಿಗೆ ಕೇಳಿಸುತ್ತೆ ಅತ್ತೆ."

ಅತ್ತೆ. ಅವನ ತಾಯಿ ಅವನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಆ ಮನೆಯಲ್ಲಿ ಆ ಮಾತಿಗೆ ಯಾರೂ ಇರಲಿಲ್ಲ. ಇದ್ದದ್ದು ಬೇರೆ ಮನೆಯಲ್ಲಿ. ಮದುವೆಯಾದ ಮೊದಲ ತಿಂಗಳಲ್ಲಿ ಲೈನ್‌ಮನ್‌ನ ತಾಯಿ ಒಂದು ಚೀಲ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಮಗನ ಅಂಗಿಗಳು, ನಾಲ್ಕು, ಇಸ್ತ್ರಿ ಮಾಡಿದ್ದು. "ಒಂದೆರಡು ಸಲ ಹಾಕಿದ್ದಷ್ಟೇ ಅಪ್ಪ, ನಿನಗೆ ಅಳತೆ ಆಗುತ್ತೆ." ಅವನಿಗೆ ಮೈಯೆಲ್ಲ ಉರಿದಿತ್ತು. ಆಮೇಲೆ ಆಕೆ ಬರುವುದು ನಿಂತುಹೋಯಿತು ಎಂದೇ ಇಷ್ಟು ವರ್ಷ ಅವನ ನೆನಪಿನಲ್ಲಿತ್ತು, ವಯಸ್ಸಾಯಿತು, ಕಣ್ಣು ಮಂಜಾಯಿತು, ಬರಲಿಲ್ಲ. ಈಗ, ಗೋಡೆಯ ಬಿಸಿ ಅಂಗೈಗೆ ತಾಗುತ್ತಿರುವಾಗ, ತಾನು ಆ ದಿನ ಬಾಗಿಲಲ್ಲಿ ಹೇಳಿದ ಮಾತು ಒಂದಕ್ಷರ ಬಿಡದೆ ಕೇಳಿಸಿತು: ಆ ಮನೆಯೋರು ಯಾರೂ ಈ ಮೆಟ್ಟಿಲು ಹತ್ತೋದು ಬೇಡ. ಇದನ್ನೂ ತೆಗೆದಿದ್ದ ಹಾಗಾದರೆ. ಯಾವಾಗ ಗೆರೆ ಎಳೆದನೋ, ತಿಳಿಯದ ಹಾಗೆ.

ಒಳಗೆ ಓದು ಕೊನೆಗೆ ಬಂದಿತ್ತು. "ಅವಳು ಎರಡು ಲೋಟ ತೊಳೆದಿಟ್ಟು ಕಾದಳು," ಎಂದಳು ಹೆಂಡತಿ. ಹಾಳೆ ತಿರುವಿದ ಸದ್ದು. ಮತ್ತೆ ಹಿಂದಕ್ಕೆ ತಿರುವಿದ ಸದ್ದು.

"ಆಮೇಲೆ?"

"ಅಷ್ಟೇ ಅತ್ತೆ."

"ಅಷ್ಟೇನಾ? ಅವನು ಬರಲಿಲ್ವಾ?"

"ಇದರಲ್ಲಿ ಇಲ್ಲ."

"ಎರಡು ಹಾಳೆ ಅಂಟಿಕೊಂಡಿರಬೇಕು, ನೋಡೇ. ಎಂಜಲು ಹಚ್ಚಿ ನೋಡು." ಮುದುಕಿಯ ಕುರ್ಚಿ ಕಿರುಗುಟ್ಟಿತು. "ಕಾಯೋದು ನನಗೆ ಗೊತ್ತಿಲ್ವಾ? ಫಾದರೂ ಅದೇ ಹೇಳ್ತಾರೆ, ಕಡೇ ದಿನ ಬರ್ತಾನೆ, ಕಾಯಿ ಅಂತ. ಕಾಯ್ತೀನಿ. ನಾನೇನು ಇಲ್ಲ ಅಂದ್ನಾ? ಆದರೆ ಆ ದಿನದಲ್ಲಿ ಅಷ್ಟೊಂದು ಜನ ಇರ್ತಾರೆ. ಇದರಲ್ಲಾದ್ರೆ ಅವನೊಬ್ಬನೇ ಬರ್ತಿದ್ದ."

ಚೀಲದೊಳಗಿನ ಎರಡು ಪುಟ ಅವನ ಪಕ್ಕೆಗೆ ಒತ್ತುತ್ತಿತ್ತು. ಇಲ್ಲಿಂದಲೇ ತಿರುಗಿಹೋಗಿ ಆರು ಗಂಟೆಗೆ ಬರಬಹುದಿತ್ತು. ಟವೆಲಿನಲ್ಲಿ ಮುಖ ಒರೆಸಿಕೊಳ್ಳಬಹುದಿತ್ತು. ಬರೆದಾಕೆಯ ಕಾಗದ ಬಾರದೆಯೇ ಹೋಗಬಹುದಿತ್ತು. ಅವನು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದ.

ಹೆಂಡತಿ ಎದ್ದುನಿಂತಳು. ಗುಲಾಬಿ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡಳು, ಜ್ಞಾನೋಪದೇಶದಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಮುದುಕಿ ಶಿಲುಬೆಯ ಕೆಳಗಿನ ಕುರ್ಚಿಯಲ್ಲಿ ಕೂತಿದ್ದಳು, ಕಣ್ಣಿಗೆ ಹಾಲಿನ ಬಣ್ಣದ ಪೊರೆ. ಹೆಜ್ಜೆ ಕೇಳಿ ಮುಖವನ್ನು ಬಾಗಿಲ ಕಡೆ ಎತ್ತಿದಳು. ಆ ಒಂದು ಕ್ಷಣ ಆ ಮುಖದ ಮೇಲೆ ಏನಿತ್ತೆಂದು ಅವನು ಮುಂದೆ ಯಾರಿಗೂ ಹೇಳಲಾರ.

"ಯಾರು?" ಎಂದಳು.

"ಇವರು, ಅತ್ತೆ," ಎಂದಳು ಹೆಂಡತಿ. ಆಮೇಲೆ ಅವನ ಕಡೆಗೆ, ಸೂಜಿಯಿಲ್ಲದ ಬಾಯಿಂದ: "ನಾನೇ ಬರೋಕೆ ಹೇಳಿದ್ದು. ನಾಲ್ಕು ವರ್ಷ ಆಯ್ತು. ಬೈಯೋದಿದ್ರೆ ನನಗೆ ಬೈರಿ."

ಮುದುಕಿ ಆಗಲೇ ನೆಲದ ಮೇಲೆ ತನ್ನ ಚೀಲಕ್ಕಾಗಿ ತಡಕಾಡುತ್ತಿದ್ದಳು. "ಹೋಗ್ತೀನಪ್ಪ. ಚಹಾ ಕುಡಿಯೋಕೆ ಬಂದಿದ್ದೆ ಅಷ್ಟೇ."

"ಕೂತ್ಕೊಳ್ಳಿ," ಎಂದ ಅವನು. ದನಿ ಕೆಮ್ಮಿನ ಹಾಗೆ ಹೊರಬಂತು. ಹೇಳಬೇಕಾದ್ದು ಬೇಕಾದಷ್ಟಿತ್ತು, ಅಂಗಿ, ಮೆಟ್ಟಿಲು, ಪಠ್ಯಪುಸ್ತಕ. ಒಂದೂ ವಾಕ್ಯವಾಗಲಿಲ್ಲ. ಹೊಲಿಗೆಯಂತ್ರದ ಮರದ ಮೇಲೆ ಅವನ ಬೆರಳು ಆಗಲೇ ಹೋಗಿ ಕೂತಿತ್ತು. "ಅವನು ಬರ್ತಾನೆ," ಎಂದ. "ಅದು ಹೀಗಿದೆ." ಬೆರಳು ತಟ್ಟತೊಡಗಿತು.

"ನಾಲ್ಕು ಹೊಡೆಯಿತು. ಅವನು ಬಂದ. ಬಾಗಿಲು ತಟ್ಟಲಿಲ್ಲ, ಚಪ್ಪಲಿ ಮಾತ್ರ ಹೊರಗೆ ಬಿಟ್ಟ, ಬದುಕಿದ್ದಾಗ ಒಂದು ದಿನವೂ ಬಿಡದವನು. ತಡವಾಯಿತು, ಎಂದ. ಎಲ್ಲಿದ್ದೆ ಎಂದು ಅವಳು ಕೇಳಲಿಲ್ಲ. ಅಲ್ಲಿಯದನ್ನು ಹೇಳಲು ಇಲ್ಲಿಯ ಮಾತು ಸಾಲದೆಂದು ಅವಳಿಗೆ ಗೊತ್ತಿತ್ತು. ಹಸಿವಾ, ಎಂದಳು. ಹೂಂ, ಎಂದ." ಇಲ್ಲಿ ಅವನು ಒಂದು ಗಳಿಗೆ ನಿಂತ. ಸಮಾಧಿಯಿಂದ ಎದ್ದು ಬಂದ ಪ್ರಭುವೂ ತಿನ್ನಲು ಏನಾದರೂ ಇದೆಯೇ ಎಂದು ಕೇಳಿದ್ದನ್ನು ಅವನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದ. ಗೆರೆ ಎಳೆಯುವ ದಿನವೂ ಅದು ನೆನಪಾಗಿತ್ತು, ನೆನಪಾಗಿಯೂ ಎಳೆದಿದ್ದ. "ಅವಳು ಬ್ರೆಡ್ಡು ಕೊಯ್ದಳು, ಅವನು ತಿನ್ನುವುದನ್ನು ನೋಡುತ್ತ ಕೂತಳು. ಗೋಡೆಯ ಮೇಲಿನ ಶಿಲುಬೆ ಇಬ್ಬರನ್ನೂ ನೋಡುತ್ತಿತ್ತು. ಯಾರಿಗೂ ಯಾರ ಮೇಲೂ ದೂರಿರಲಿಲ್ಲ." ಟಕ್ ಟಕ್.

ಹೆಂಡತಿ ಪುಸ್ತಕವನ್ನು ಬೆನ್ನ ಹಿಂದಿನಿಂದ ತೆಗೆದು ಕೊನೆಯ ಪುಟವನ್ನು ಮತ್ತೆ ನೋಡಿದಳು. "ಇದರಲ್ಲಿ ಇಲ್ವಲ್ಲ ಇದು."

"ಇತ್ತು."

"ಯಾರು ತೆಗೆದ್ರು?"

"ನಾನು."

ಅವಳು ಯಾಕೆ ಎಂದು ಕೇಳಲಿಲ್ಲ. ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು, ತಪ್ಪು ಹೊಲಿದ ಬಟ್ಟೆಯನ್ನು ಎಲ್ಲಿಂದ ಬಿಚ್ಚಬೇಕೆಂದು ನೋಡುವ ಹಾಗೆ. ಆಮೇಲೆ ಅಡುಗೆಮನೆಗೆ ಹೋದಳು. ಪಾತ್ರೆಗಳ ನಡುವೆ ಇನ್ನೊಂದು ಲೋಟ ಹುಡುಕುವ ಸದ್ದೋ, ಸುಮ್ಮನೆ ಪಾತ್ರೆ ಎತ್ತಿಡುವ ಸದ್ದೋ, ಅವನಿಗೆ ಗೊತ್ತಾಗಲಿಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಇನ್ನೊಂದ್ಸಲ ಹೇಳಪ್ಪ," ಎಂದಳು ಮುದುಕಿ. ಮುಖ ಇನ್ನೂ ಬಾಗಿಲ ಕಡೆಗೇ ಇತ್ತು. "ಈ ಸಲ ಆ ಟಕ್ ಟಕ್ ಬೇಡ. ಅವನ ಹೆಜ್ಜೆ ಕೇಳಿಸಲ್ಲ."

ಅವನು ಯಂತ್ರದ ಮೇಲಿನಿಂದ ಕೈ ತೆಗೆದ. ಎಲ್ಲಿಡಬೇಕೆಂದು ತಿಳಿಯದೆ, ಮೊದಲಿನಿಂದ ಶುರುಮಾಡಿದ.